ಕಡಲು ಕಾದ ಮನೆತನ



2012ರ ಜನವರಿಯಲ್ಲಿ ವಿಶಾಖಪಟ್ಟಣದಲ್ಲಿ ಭಾರತೀಯ ತಟರಕ್ಷಣಾ ಪಡೆಗೆ ಒಂದು ಗಸ್ತು ನೌಕೆ ಸೇರ್ಪಡೆಯಾಯಿತು. ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ತಯಾರಾದ ಆ ನೌಕೆಯ ಹೆಸರು 'ರಾಣಿ ಅಬ್ಬಕ್ಕ'. ಅದೇ ಮಾದರಿಯ ಉಳಿದ ನೌಕೆಗಳಿಗೆ ರಾಣಿ ಅವಂತಿಬಾಯಿ, ರಾಣಿ ದುರ್ಗಾವತಿ, ರಾಣಿ ಗೈಡಿನ್ಲಿಯು, ರಾಣಿ ರಾಸ್ಮಣಿ ಎಂಬ ಹೆಸರುಗಳನ್ನಿಟ್ಟರು. ಎಲ್ಲರೂ ದೊಡ್ಡ ಹೆಸರುಗಳೇ. ಆದರೆ ಈ ಐವರಲ್ಲಿ ಕಡಲ ದಂಡೆಯ ಮೇಲೆ ರಾಜ್ಯವಾಳಿದವಳು ಅಬ್ಬಕ್ಕನೊಬ್ಬಳೇ. ನೌಕೆಗೆ ಇಡಲು ಅವಳ ಹೆಸರಿಗಿಂತ ಒಪ್ಪುವ ಹೆಸರು ಇನ್ನೊಂದಿಲ್ಲ.

ನಮ್ಮ ಶಾಲೆಯ ಪಾಠಗಳಲ್ಲಿ, ನಾಟಕಗಳಲ್ಲಿ, ಯಕ್ಷಗಾನದಲ್ಲಿ ಅಬ್ಬಕ್ಕ ಒಬ್ಬಳೇ. ಉಳ್ಳಾಲದ ರಾಣಿ, ಪೋರ್ಚುಗೀಸರನ್ನು ಎದುರಿಸಿದ ವೀರ ವನಿತೆ. ಇದು ಸುಳ್ಳಲ್ಲ. ಆದರೆ ದಾಖಲೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ನಮಗೆ ಕಾಣಿಸುವುದು ಒಬ್ಬ ರಾಣಿಯಲ್ಲ, ಒಂದು ಮನೆತನ. ತಲೆಮಾರು ಕಳೆದರೂ ಕಡಲಿನ ಮೇಲಿನ ಹಕ್ಕನ್ನು ಬಿಟ್ಟುಕೊಡದ ಮನೆತನ. ಆ ಲೆಕ್ಕವನ್ನು ನೀವೇ ಹಾಕಿ ನೋಡುವಂತೆ ಈ ಕಥೆಯನ್ನು ಹೇಳಬೇಕೆಂಬುದು ನನ್ನ ಆಸೆ.

ಮೊದಲು ಸ್ಥಳವನ್ನು ನೋಡೋಣ. ಮಂಗಳೂರಿನ ಹಳೆಯ ಬಂದರಿನ ದಕ್ಕೆಯಲ್ಲಿ ನಿಂತರೆ ಎದುರಿಗೆ ಬೆಂಗ್ರೆಯ ಮರಳು ದಿಣ್ಣೆ. ಉತ್ತರದಿಂದ ಗುರುಪುರ ನದಿ, ಪೂರ್ವದಿಂದ ನೇತ್ರಾವತಿ. ಎರಡೂ ಸೇರಿ ಸಮುದ್ರಕ್ಕೆ ಬೀಳುವ ಜಾಗವೇ ಅಳಿವೆ ಬಾಗಿಲು. ನೇತ್ರಾವತಿಯ ಆಚೆ ದಡ ಉಳ್ಳಾಲ. ಎಂದರೆ, ಮಂಗಳೂರು ಮತ್ತು ಉಳ್ಳಾಲ ಒಂದೇ ಬಾಗಿಲಿನ ಎರಡು ತೋಳುಗಳಿದ್ದಂತೆ. ಈ ಬಾಗಿಲಲ್ಲಿ ನೀರು ಆಳವಿಲ್ಲ; ಮರಳು ಸರಿಯುತ್ತಿರುತ್ತದೆ. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕು. ಒಳಗೆ ಬರುವುದು ಹುಟ್ಟು ಹಾಕುವ ದೋಣಿ, ಪಡಾವುಗಳಿಗೆ ಮಾತ್ರ ಸಲೀಸು. ಯಾವ ಮರಳು ಯಾವ ಕಡೆ ಸರಿದಿದೆ, ಯಾವ ಹೊತ್ತಿಗೆ ಉಬ್ಬರ ಎಂಬುದನ್ನು ಬಲ್ಲವರು ಇಲ್ಲಿನ ಮೊಗವೀರರು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ನಡೆದ ಎಷ್ಟೋ ಸಂಗತಿಗಳಿಗೆ ಈ ಮರಳು ದಿಣ್ಣೆಯೇ ಕಾರಣ.

ಈ ಬಂದರಿನಲ್ಲಿ ಏನು ವ್ಯಾಪಾರವಿತ್ತು? ಮುಖ್ಯವಾಗಿ ಅಕ್ಕಿ. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಮಂಗಳೂರಿನಿಂದ ಹಡಗುಗಳಲ್ಲಿ ಹೊರಗೆ ಹೋಗುವ ಅಕ್ಕಿಯ ವಿಷಯವನ್ನು ಬರೆದಿದ್ದಾನೆ. ಇಲ್ಲಿನ ಅಕ್ಕಿ ಮಲಬಾರಿಗೆ ಬೇಕು, ಓರ್ಮುಜ್‌ಗೆ ಬೇಕು, ಏಡನ್‌ಗೆ ಬೇಕು. ಗೋವೆಯಲ್ಲಿ ನೆಲೆಯೂರಿದ ಪೋರ್ಚುಗೀಸರಿಗೂ ಊಟಕ್ಕೆ ಕೆನರಾದ ಅಕ್ಕಿಯೇ ಆಧಾರ. ಕಾಳುಮೆಣಸಿನ ಕಥೆ ಎಲ್ಲರಿಗೂ ಗೊತ್ತು; ಅಕ್ಕಿಯ ಕಥೆಯನ್ನು ನಾವು ಮರೆತಿದ್ದೇವೆ.

ಪೋರ್ಚುಗೀಸರು ಕಡಲಿನ ಮೇಲೆ ಒಂದು ಹೊಸ ಕಟ್ಟಳೆಯನ್ನು ತಂದರು. ಅದಕ್ಕೆ 'ಕಾರ್ತಾಜ್' ಎಂದು ಹೆಸರು. ಅದೊಂದು ರಹದಾರಿ ಚೀಟಿ. ಹಡಗು ಯಾರದು, ನಾಯಕ ಯಾರು, ಏನು ಸರಕು, ಎಲ್ಲಿಗೆ ಪಯಣ ಎಂದು ಅದರಲ್ಲಿ ಬರೆದಿರಬೇಕು. ಹಣ ಕೊಟ್ಟು ಅದನ್ನು ಪಡೆಯಬೇಕು. ಚೀಟಿಯಿಲ್ಲದ ಹಡಗನ್ನು ಸರಕಿನ ಸಮೇತ ಹಿಡಿಯಬಹುದು. ಸಾವಿರಾರು ವರ್ಷಗಳಿಂದ ಅರಬ್ಬರು, ಗುಜರಾತಿಗಳು, ಮಾಪಿಳ್ಳೆಗಳು, ತುಳುನಾಡಿನವರು ಯಾರ ಅಪ್ಪಣೆಯನ್ನೂ ಕೇಳದೆ ಓಡಾಡಿದ ಕಡಲಿಗೆ ಹೀಗೆ ಒಬ್ಬ ಯಜಮಾನ ಬಂದ. ದಡದ ಅರಸರಿಗೆ ಕಪ್ಪ ಬೇರೆ. ಅದನ್ನು ಹಲವೆಡೆ ಅಕ್ಕಿಯ ಮೂಟೆಗಳಲ್ಲೇ ಸಲ್ಲಿಸಬೇಕಾಗಿತ್ತು.

ಉಳ್ಳಾಲದಲ್ಲಿ ಆಗ ಇದ್ದವರು ಚೌಟರು. ಜೈನ ಮನೆತನ. ಪುತ್ತಿಗೆ, ಮೂಡಬಿದಿರೆ ಇವರ ಒಳನಾಡಿನ ನೆಲೆಗಳು. ಮೂಡಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀ ಕುಂಜರ, ಪಂಚನಾರೀ ತುರಗದ ಕೆತ್ತನೆಯಿರುವ ಮರದ ಕಂಬಗಳನ್ನು ನೀವು ನೋಡಿರಬಹುದು. ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ. ತುಳುನಾಡಿನ ಅನೇಕ ಮನೆತನಗಳಂತೆ ಚೌಟರದೂ ಅಳಿಯಸಂತಾನ ಪದ್ಧತಿ. ಆಸ್ತಿಯಾಗಲಿ ಪಟ್ಟವಾಗಲಿ ತಂದೆಯಿಂದ ಮಗನಿಗೆ ಹೋಗುವುದಿಲ್ಲ. ತಾಯಿಯ ಕಡೆಯಿಂದ, ಸೋದರಮಾವನಿಂದ ಸೋದರಿಯ ಮಕ್ಕಳಿಗೆ ಇಳಿಯುತ್ತದೆ. ಹಾಗಾಗಿ ಹೆಣ್ಣುಮಗಳೊಬ್ಬಳು ಪಟ್ಟವೇರುವುದು ಇಲ್ಲಿ ಆಪತ್ಕಾಲದ ಏರ್ಪಾಡಲ್ಲ, ಪದ್ಧತಿಗೆ ಸಹಜವಾದದ್ದು. ಗಂಡ ಬೇರೊಂದು ಮನೆತನದ ಅರಸನಾಗಿದ್ದರೂ ಹೆಂಡತಿಯ ರಾಜ್ಯದ ಮೇಲೆ ಅವನಿಗೆ ಹಕ್ಕಿಲ್ಲ. ಯುರೋಪಿನಿಂದ ಬಂದವರಿಗೆ ಇದು ಅರ್ಥವಾಗಲಿಲ್ಲ. ಮುಂದಿನ ಕಥೆಯ ತಿರುವುಗಳು ಅರ್ಥವಾಗಬೇಕಾದರೆ ನಮಗಂತೂ ಇದು ಅರ್ಥವಾಗಲೇಬೇಕು.

ತಿರುಮಲರಾಯ ಚೌಟನೆಂಬ ಮಾವ ಅಬ್ಬಕ್ಕನಿಗೆ ಶಸ್ತ್ರವಿದ್ಯೆ ಕಲಿಸಿ ಉಳ್ಳಾಲದ ಪಟ್ಟ ಕಟ್ಟಿದನೆಂಬುದು ಸಂಪ್ರದಾಯ. ಪೋರ್ಚುಗೀಸರ ಬರಹಗಳಲ್ಲಿ ಆಕೆಯ ಹೆಸರು 'ಬುಕ್ಕಾದೇವಿ' ಎಂಬಂಥ ರೂಪಗಳಲ್ಲಿ ಕಾಣುತ್ತದೆ. ಕಪ್ಪ ಕೊಡಲು ಒಪ್ಪದ ಕಾರಣಕ್ಕೆ 1555ರಲ್ಲಿ ಡೊಮ್ ಅಲ್ವಾರೊ ದ ಸಿಲ್ವೇರನ ನೌಕಾಪಡೆ ಆಕೆಯ ಮೇಲೆ ಬಂತು. ಅದರಿಂದ ಸಮಸ್ಯೆ ಬಗೆಹರಿಯಲಿಲ್ಲ. 1567ರ ಕೊನೆಗೆ ಗೋವೆಯ ವೈಸ್‌ರಾಯ್ ಅಂತಾವ್ ದ ನೊರೋನ್ಯ ತಾನೇ ದೊಡ್ಡ ದಂಡಿನೊಡನೆ ಮಂಗಳೂರಿಗೆ ಬಂದ. ಒಬ್ಬ ವೈಸ್‌ರಾಯ್ ಸ್ವತಃ ಹೊರಟು ಬಂದನೆಂದರೆ ಈ ಸಣ್ಣ ಸಂಸ್ಥಾನದ ಬಿಸಿ ಅವರಿಗೆ ಎಷ್ಟು ತಟ್ಟಿತ್ತೆಂಬುದನ್ನು ನೀವೇ ಊಹಿಸಬಹುದು. ಕಾಲವನ್ನೂ ಗಮನಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕರಾವಳಿಯ ಬಂದರುಗಳು ಮಳೆಗಾಳಿಗೆ ಮುಚ್ಚಿರುತ್ತಿದ್ದವು. ಕಡಲು ತಣಿದ ಮೇಲೆ, ಚಳಿಗಾಲದ ಹೊಸ ಅಕ್ಕಿ ಕೈಗೆ ಬರುವ ಹೊತ್ತಿಗೆ ದಂಡು ಬರುತ್ತಿತ್ತು. ಉಳ್ಳಾಲ ಕೈತಪ್ಪಿತು. 1568ರ ಜನವರಿಯಲ್ಲಿ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಪೋರ್ಚುಗೀಸ್ ಕೋಟೆ ಎದ್ದಿತು.

ಜನಪ್ರಿಯ ಕಥನದಲ್ಲಿ ಬರುವ ಭಾಗ ಇದರ ನಡುವಿನದು. ಜೊಆವ್ ಪೆಯ್ಶೋಟೊ ಎಂಬ ದಳಪತಿ ಅರಮನೆಯನ್ನು ಹಿಡಿದ, ರಾಣಿ ಒಂದು ಮಸೀದಿಯಲ್ಲಿ ಆಶ್ರಯ ಪಡೆದು, ಅದೇ ರಾತ್ರಿ ಇನ್ನೂರು ಮಂದಿಯನ್ನು ಕಟ್ಟಿಕೊಂಡು ತಿರುಗಿಬಿದ್ದಳು, ಪೆಯ್ಶೋಟೊ ಸತ್ತ. ತೆಂಗಿನ ಗರಿಗಳ ಅಗ್ನಿಬಾಣಗಳಿಂದ ಹಡಗುಗಳನ್ನು ಸುಟ್ಟಳೆಂಬುದು ಇನ್ನೊಂದು ಮಾತು. ಅಗ್ನಿಬಾಣದ ಮಾತನ್ನು ನಾನು ಜನರ ನೆನಪೆಂದೇ ಇಟ್ಟುಕೊಳ್ಳುತ್ತೇನೆ, ದಾಖಲೆಯೆಂದು ಅಲ್ಲ. ಆದರೆ ಜನರ ನೆನಪು ಎಲ್ಲಿ ಗಟ್ಟಿಯಾಗಿ ನಿಂತಿದೆ ನೋಡಿ. ಜೈನ ರಾಣಿ, ಮಸೀದಿಯ ಆಶ್ರಯ, ಮೊಗವೀರ ಮತ್ತು ಬ್ಯಾರಿ ಯೋಧರು. ಈ ನಂಟನ್ನು ಉಳ್ಳಾಲದ ಜನ ಇಷ್ಟು ಶತಮಾನಗಳಾದರೂ ಬಿಟ್ಟಿಲ್ಲ.

ಕೋಟೆ ಕಟ್ಟಿದರೂ ಪೋರ್ಚುಗೀಸರಿಗೆ ನಿದ್ದೆ ಬರಲಿಲ್ಲ. 1570ರಲ್ಲಿ ಬಿಜಾಪುರದ ಆದಿಲಶಾಹಿ, ಅಹಮದ್‌ನಗರದ ನಿಜಾಮಶಾಹಿ, ಕಲ್ಲಿಕೋಟೆಯ ಸಾಮೂದಿರಿ ಮೂವರೂ ಸೇರಿ ಅವರ ವಿರುದ್ಧ ನಿಂತರು. ಗೋವೆ, ಚೌಲ್‌ಗಳಿಗೆ ಮುತ್ತಿಗೆ ಬಿತ್ತು. ಈ ಗದ್ದಲದ ನಡುವೆ ಸಾಮೂದಿರಿಯ ಕಡೆಯ ಕುಟ್ಟಿ ಪೋಕರ್ ಎಂಬ ಮರಕ್ಕಾರ್ ನಾಯಕ ತನ್ನ ದೋಣಿಗಳೊಡನೆ ಮಂಗಳೂರಿಗೆ ಬಂದು ರಾತ್ರಿ ಹೊತ್ತು ಕೋಟೆಗೆ ನುಗ್ಗಿದ. ಉಳ್ಳಾಲದ ರಾಣಿ ಕೇಳಿಕೊಂಡದ್ದರಿಂದ ಬಂದನೆಂದು ಪೋರ್ಚುಗೀಸರ ಕಡೆಯ ಹೇಳಿಕೆ. ಹಿಂದಿರುಗುವಾಗ ಕಣ್ಣೂರಿನ ಬಳಿ ಪೋರ್ಚುಗೀಸರ ಹಡಗುಗಳು ಅಡ್ಡಗಟ್ಟಿದವು. ಅಲ್ಲೇ ಅವನು ಮಡಿದ. ಮಲಬಾರಿನ ವಿದ್ವಾಂಸ ಶೇಖ್ ಜೈನುದ್ದೀನ್ ಅದೇ ಕಾಲದಲ್ಲಿ ಅರಬ್ಬಿಯಲ್ಲಿ ಬರೆದ 'ತುಹ್ಫತುಲ್ ಮುಜಾಹಿದೀನ್' ಗ್ರಂಥದಲ್ಲೂ ಈ ದಾಳಿಯ ಪ್ರಸ್ತಾಪವಿದೆ. ಎದುರಾಳಿಗಳಿಬ್ಬರೂ ಒಂದೇ ಘಟನೆಯನ್ನು ಬರೆದಿಟ್ಟಾಗ ಇತಿಹಾಸಕಾರನಿಗೆ ಧೈರ್ಯ ಬರುತ್ತದೆ.

ಮರಕ್ಕಾರರದು ಇನ್ನೊಂದು ಕಡಲ ಮನೆತನ. ಕುಂಞಾಲಿ ಎಂಬ ಬಿರುದು ಹೊತ್ತ ನಾಲ್ವರು ಒಬ್ಬರ ನಂತರ ಒಬ್ಬರಂತೆ ಸಾಮೂದಿರಿಯ ನೌಕಾಬಲವನ್ನು ನಡೆಸಿದರು. ನಾಲ್ಕನೆಯವನ ಕಾಲಕ್ಕೆ ಸಾಮೂದಿರಿಯೇ ಮುನಿದು ಪೋರ್ಚುಗೀಸರ ಜೊತೆ ಕೂಡಿಕೊಂಡ. 1600ರಲ್ಲಿ ಕುಂಞಾಲಿಯನ್ನು ಗೋವೆಗೆ ಒಯ್ದು ಕೊಂದರು. ಮುಂಬಯಿಯಲ್ಲಿರುವ ನೌಕಾಪಡೆಯ ಹೆಲಿಕಾಪ್ಟರ್ ನೆಲೆಗೆ 2009ರವರೆಗೆ 'ಐಎನ್‌ಎಸ್ ಕುಂಜಾಲಿ' ಎಂಬ ಹೆಸರಿತ್ತು. ತಮಿಳು ಮಲಯಾಳಗಳಲ್ಲಿ ಹಾಯಿಹಡಗಿಗೆ 'ಮರಕ್ಕಲ' ಎನ್ನುತ್ತಾರೆ. ಮರಕ್ಕಾರ್ ಎಂಬ ಹೆಸರಿಗೂ, ನಮ್ಮ ಮೊಗವೀರರಿಗಿರುವ ಮರಕಾಲ ಎಂಬ ಹೆಸರಿಗೂ ಆ ಪದದೊಡನೆ ಸಂಬಂಧ ಕಲ್ಪಿಸುವ ವಿದ್ವಾಂಸರಿದ್ದಾರೆ.

ಈಗ ನಾನು ಹೇಳಿದ ಲೆಕ್ಕಕ್ಕೆ ಬರೋಣ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಮಂಗಳೂರಿಗೆ ಬಂದ. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಗೋವೆಯಿಂದ ಹೊರಟವನು, ಇಕ್ಕೇರಿ ನೋಡಿಕೊಂಡು ಘಟ್ಟ ಇಳಿದು ಇಲ್ಲಿಗೆ ಬಂದಿದ್ದ. ಉಳ್ಳಾಲದ ರಾಣಿಯ ಸುದ್ದಿ ಕೇಳಿ ಅವಳನ್ನು ನೋಡಲೇಬೇಕೆಂದು ಡಿಸೆಂಬರ್ ಮೊದಲ ವಾರದಲ್ಲಿ ಗುರುಪುರದ ಕಡೆಯ ಮಣೇಲಿಗೆ ಹೋದ. ರಾಣಿ ಅರಮನೆಯಲ್ಲಿ ಕುಳಿತಿರಲಿಲ್ಲ. ಗದ್ದೆಗಳಿಗೆ ನೀರು ಹಾಯಿಸಲು ಕಾಲುವೆ ತೋಡಿಸುತ್ತಿದ್ದಳು. ಆಯುಧ ಹಿಡಿದ ಕೆಲವರು ಹಿಂದೆಮುಂದೆ, ಒಬ್ಬನ ಕೈಯಲ್ಲಿ ಓಲೆಗರಿಯ ಕೊಡೆ. ರಾಣಿ ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಮೈಮೇಲೆ ಸೊಂಟದಿಂದ ಕೆಳಗೆ ಒಂದು ಬಿಳಿಯ ಹತ್ತಿ ಬಟ್ಟೆ, ತಲೆ ಭುಜಗಳ ಮೇಲೆ ಇನ್ನೊಂದು, ಅಷ್ಟೇ. ನೋಟಕ್ಕೆ ಅಡುಗೆಮನೆಯ ಕೆಲಸದವಳೋ ಬಟ್ಟೆ ಒಗೆಯುವವಳೋ ಎನ್ನುವಂತಿದ್ದಳೆಂದು ಅವನು ಸಂಕೋಚವಿಲ್ಲದೆ ಬರೆದ. ಯುರೋಪಿನಲ್ಲಿ ಅಷ್ಟೊಂದು ದೊಡ್ಡವನೆನಿಸಿಕೊಂಡ ಸ್ಪೇನಿನ ದೊರೆಯ ದಂಡನ್ನು ಭಾರತದಲ್ಲಿ ಸೋಲಿಸಿದವಳು ಇವಳೇ ಎಂದು ಬೆರಗಾದ. ಆಗ ಪೋರ್ಚುಗಲ್ ಸ್ಪೇನಿನ ದೊರೆಯ ಅಧೀನದಲ್ಲಿತ್ತೆಂಬುದು ನಿಮಗೆ ನೆನಪಿರಲಿ. ದುಭಾಷಿಯ ಮೂಲಕ ಮಾತು ಶುರುವಾದ ಮೇಲೆ ಅವನ ಅಭಿಪ್ರಾಯ ಬದಲಾಯಿತು. ಅವಳ ಅರಸುತನ ತೋರಿದ್ದು ಉಡುಪಿನಲ್ಲಲ್ಲ, ಮಾತಿನಲ್ಲಿ.

ಆ ರಾಣಿಗೆ ಸುಮಾರು 40 ವರ್ಷ ಇರಬಹುದೆಂದು ಅವನ ಅಂದಾಜು. 1623ರಲ್ಲಿ 40 ಎಂದರೆ ಹುಟ್ಟಿದ್ದು 1583ರ ಸುಮಾರಿಗೆ. ಪ್ರವಾಸಿಯ ಕಣ್ಣು ತಪ್ಪಿತೆಂದು ಇನ್ನೂ ಹತ್ತು ವರ್ಷ ಸೇರಿಸಿ. ಆಗಲೂ 1568ರಲ್ಲಿ ಆಕೆ ಹುಟ್ಟಿರಲಿಲ್ಲ! ಹಾಗಾದರೆ ವೈಸ್‌ರಾಯ್ ನೊರೋನ್ಯನನ್ನು ಎದುರಿಸಿದವಳು ಬೇರೆ, ದೆಲ್ಲಾ ವಲ್ಲೆ ಕಂಡವಳು ಬೇರೆ. ಉಳ್ಳಾಲದಲ್ಲಿ ಇಬ್ಬರು ಅಬ್ಬಕ್ಕದೇವಿಯರೆಂದು ಕೆಲವು ವಿದ್ವಾಂಸರು, ಮೂವರೆಂದು ಇನ್ನು ಕೆಲವರು ಎಣಿಸುವುದು ಇಂಥ ಲೆಕ್ಕಗಳ ಬಲದಿಂದಲೇ.

ಇನ್ನೊಂದು ಸಂಗತಿ. ಅಬ್ಬಕ್ಕನ ಗಂಡ ಬಂಗರ ಅರಸ, ಅವನು ಹೆಂಡತಿಗೆ ದ್ರೋಹ ಬಗೆದು ಪೋರ್ಚುಗೀಸರ ಕಡೆ ಸೇರಿದ ಎಂಬ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ದೆಲ್ಲಾ ವಲ್ಲೆ ಈ ಕಥೆಯನ್ನು ಹೇಳುವುದು ತಾನು ಕಂಡ ರಾಣಿಯ ವಿಷಯವಾಗಿ. ಇಬ್ಬರೂ ತಂತಮ್ಮ ರಾಜ್ಯದಲ್ಲಿದ್ದುಕೊಂಡೇ ದಾಂಪತ್ಯ ನಡೆಸಿದವರು. ಮನಸ್ಸು ಮುರಿದ ಮೇಲೆ ರಾಣಿ ಅವನು ಕೊಟ್ಟ ಒಡವೆಗಳನ್ನು ಹಿಂದಕ್ಕೆ ಕಳಿಸಿಬಿಟ್ಟಳು. ಅಳಿಯಸಂತಾನದ ಹೆಣ್ಣಿಗೆ ಇದು ಸಾಧ್ಯವಿತ್ತು. ಸಿಟ್ಟಾದ ಬಂಗರಸ ಒಂದು ದಿನ ನದಿಯಲ್ಲಿ ಹೊಂಚುಹಾಕಿ ಅವಳ ದೋಣಿಯನ್ನು ಹಿಡಿದ. ಅವಳು ನಯವಾದ ಮಾತಾಡಿ ಬಿಡಿಸಿಕೊಂಡಳು. ಬಿಡಿಸಿಕೊಂಡವಳೇ ದಂಡು ಕಟ್ಟಿದಳು. ಅವನು ಮಂಗಳೂರಿನ ಪೋರ್ಚುಗೀಸರನ್ನು ಕರೆದ, ಅವಳು ವೆಂಕಟಪ್ಪ ನಾಯಕನನ್ನು ಕರೆದಳು. ಗೆದ್ದದ್ದು ರಾಣಿಯ ಪಕ್ಷ. ಹೀಗೆ, 1568ರ ರಾತ್ರಿಯ ಕಾಳಗ ಒಬ್ಬಳದು, ಒಡವೆ ಹಿಂದಿರುಗಿಸಿದ ಸ್ವಾಭಿಮಾನ ಇನ್ನೊಬ್ಬಳದು. ಜನಪದ ಇಬ್ಬರನ್ನೂ ಒಂದೇ ಹೆಸರಿನೊಳಗೆ ಕೂಡಿಸಿತು. ಇದರಿಂದ ಅಬ್ಬಕ್ಕ ಚಿಕ್ಕವಳಾದಳೆಂದು ಯಾರಾದರೂ ಬೇಸರಪಟ್ಟರೆ ನಾನು ಒಪ್ಪುವುದಿಲ್ಲ. ಒಬ್ಬಳ ಶೌರ್ಯ ಅವಳೊಡನೆ ಮುಗಿಯುತ್ತದೆ. ಪೋರ್ಚುಗೀಸರ ಕೋಟೆ ಕಣ್ಣೆದುರೇ ಎದ್ದು ಅರ್ಧ ಶತಮಾನ ಕಳೆದ ಮೇಲೂ ಅದೇ ಮನೆಯ ಇನ್ನೊಬ್ಬಳು ಅದೇ ಹಟ ಹಿಡಿದಳೆಂದರೆ, ಆ ಹಟವನ್ನು ಮನೆಯಲ್ಲಿ ಯಾರೋ ಕಲಿಸಿದ್ದರು ಎಂದಾಯಿತು.

ಉಳ್ಳಾಲದ ದೋಣಿಗಳಲ್ಲಿ ಹುಟ್ಟು ಹಾಕಿದವರಾರು? ಅವರ ಹೆಸರು ಯಾವ ವೈಸ್‌ರಾಯನ ಪತ್ರದಲ್ಲೂ ಇಲ್ಲ. ಅವರದೂ ತಲೆಮಾರುಗಳ ಸೇವೆಯೇ. ಮೊಗವೀರರಲ್ಲಿ ಕಡಲ ವಿದ್ಯೆ ಹೊತ್ತಗೆಯಲ್ಲಿಲ್ಲ, ಅಪ್ಪನ ಮಾವನ ಜೊತೆ ದೋಣಿಯಲ್ಲಿ ಕುಳಿತು ಕಲಿಯುವಂಥದು. ನೀರಿನ ಬಣ್ಣ, ಗಾಳಿಯ ದಿಕ್ಕು, ನಕ್ಷತ್ರ, ಹಕ್ಕಿಗಳ ಹಾರಾಟ ಇವೇ ಪಾಠ. ದಡದಲ್ಲಿ ಗುರಿಕಾರನ ಮಾತು, ನೀರಿನಲ್ಲಿ ತಂಡೇಲನ ಮಾತು ನಡೆಯಬೇಕು, ಎದುರಾಡುವಂತಿಲ್ಲ. ಇದು ಶಿಸ್ತಲ್ಲದೆ ಇನ್ನೇನು? ಬ್ಯಾರಿಗಳು ಬ್ಯಾರದವರು, ಎಂದರೆ ವ್ಯಾಪಾರದವರು. ಕಾರ್ತಾಜ್ ಚೀಟಿಯ ಏಟು ನೇರವಾಗಿ ಬಿದ್ದದ್ದು ಅವರ ಸರಕಿನ ಮೇಲೆ. ರಾಣಿಗೆ ಕಪ್ಪದ ಪ್ರಶ್ನೆಯಾದರೆ ಇವರಿಗೆ ಅನ್ನದ ಪ್ರಶ್ನೆ. ಪೋರ್ಚುಗೀಸರು 'ಪರಾವ್' ಎಂದು ಕರೆದು ಹೆದರುತ್ತಿದ್ದ ಹಗುರವಾದ ಹುಟ್ಟುದೋಣಿಗಳು ಈ ಕರಾವಳಿಯವರವೇ. ನಮ್ಮ 'ಪಡಾವು' ಎಂಬ ಮಾತಿನ ದನಿ ಅದರಲ್ಲಿ ಕೇಳಿಸುತ್ತದೆ. ಗಾಳಿ ಬಿದ್ದಾಗ ದೊಡ್ಡ ಹಾಯಿಹಡಗು ನಿಂತಲ್ಲೇ ನಿಲ್ಲುತ್ತದೆ. ಪಡಾವು ಅಳಿವೆಯಿಂದ ಹೊರಬಂದು ಹೊಡೆದು ಮತ್ತೆ ಒಳಗೆ ನುಸುಳುತ್ತದೆ. ಹಿಂಬಾಲಿಸಿದರೆ ಮರಳು ದಿಣ್ಣೆ ತಡೆಯುತ್ತದೆ.

ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಹೊರಹಾಕಿದ ಕೀರ್ತಿ 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನದಾಯಿತು. ಚೌಟರು ಕೆಳದಿಯ ನೆರಳಿನಲ್ಲಿ ಸಾಮಂತರಾಗಿ ಉಳಿದರು.

ನೂರು ವರ್ಷಗಳ ನಂತರ ಮಂಗಳೂರಿನಲ್ಲಿ ಮತ್ತೆ ಯುದ್ಧನೌಕೆಗಳು ಕಾಣಿಸಿಕೊಂಡವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಮಂಗಳೂರು ಸಿಕ್ಕಿತು. ಅವನು ಇಲ್ಲಿ ಹಡಗು ಕಟ್ಟಿಸತೊಡಗಿದ. ನೌಕಾಪಡೆಯ ಹೊಣೆ ಬಂದದ್ದು ಕಣ್ಣೂರಿನ ಅರಕ್ಕಲ್ ಮನೆತನದ ಅಲಿ ರಾಜನಿಗೆ. ಅದೂ ತಾಯಿಯ ಕಡೆಯಿಂದ ಪಟ್ಟ ಇಳಿಯುವ ಮನೆತನವೇ. ಅಲ್ಲಿ ಹೆಂಗಸರು 'ಬೀವಿ' ಎಂಬ ಬಿರುದಿನಿಂದ ಆಳಿದ್ದುಂಟು. ಆದರೆ ಹೈದರ್ ಯುರೋಪಿಯನ್ ನಾಯಕರನ್ನೂ ಸಂಬಳಕ್ಕಿಟ್ಟುಕೊಂಡ. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರು ಮಂಗಳೂರಿನ ಮೇಲೆ ಬಂದಾಗ ಅಂಥ ನಾಯಕನೊಬ್ಬ ಹಡಗುಗಳ ಸಮೇತ ಅವರ ಕಡೆ ಸೇರಿಕೊಂಡ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲಿದ್ದ ಹೈದರನ ಹಡಗುಗಳನ್ನು ನಾಶಮಾಡಿದ. ಟಿಪ್ಪು ಬೋಳೂರಿನಲ್ಲಿ ಕಪ್ಪು ಕಲ್ಲಿನ ಬತ್ತೇರಿಯನ್ನು ಕಟ್ಟಿಸಿದ್ದು ಗುರುಪುರ ನದಿಗೆ ಯುದ್ಧನೌಕೆಗಳು ನುಗ್ಗದಂತೆ ತಡೆಯಲು. 'ಸುಲ್ತಾನ್ ಬತ್ತೇರಿ'ಯನ್ನು ಇಂದಿಗೂ ನೋಡಬಹುದು. 1796ರಲ್ಲಿ ಅವನು ಮೀರ್ ಯಮ್ ಎಂಬ ಅಧಿಕಾರಿಗಳ ನೌಕಾ ಮಂಡಳಿಯನ್ನೇ ನೇಮಿಸಿ, ಮಂಗಳೂರು, ಮಿರ್ಜಾನ್, ಸದಾಶಿವಗಡಗಳಲ್ಲಿ ಸುಮಾರು 40 ಯುದ್ಧನೌಕೆಗಳನ್ನು ಕಟ್ಟುವ ಯೋಜನೆ ಹಾಕಿದ. ಯೋಜನೆ ಭವ್ಯವಾಗಿತ್ತು. ಆದರೆ ಮೂರೇ ವರ್ಷದಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕಾಡಿನಲ್ಲಿ ಮರವಿತ್ತು, ಖಜಾನೆಯಲ್ಲಿ ಹಣವಿತ್ತು. ಕಡಲನ್ನು ತನ್ನ ಮನೆಯಂಗಳವೆಂದು ತಿಳಿದ ನಾಯಕರನ್ನು ಮಾತ್ರ ಆಜ್ಞೆ ಹೊರಡಿಸಿ ಮೂರು ವರ್ಷದಲ್ಲಿ ತಯಾರಿಸಲಾಗುವುದಿಲ್ಲ.

ಇಂಗ್ಲಿಷರ ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಂದರಿನಲ್ಲಿ ಹಂಚು, ಕಾಫಿ ತುಂಬಿದವು, ಬಂದೂಕು ಇಳಿಯಿತು. ಚೌಟರ ರಾಜ್ಯಾಧಿಕಾರ ಹೋಗಿ ಮನೆತನವಷ್ಟೇ ಉಳಿಯಿತು. ಅಳಿಯಸಂತಾನದ ಕಟ್ಟುಗಳನ್ನು ಸಡಿಲಿಸಿದ ಮದರಾಸು ಅಳಿಯಸಂತಾನ ಕಾಯಿದೆ ಬಂದದ್ದು 1949ರಲ್ಲಿ. ಪಣಂಬೂರಿನಲ್ಲಿ ಹೊಸ ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳಿಗೆ ಅಳಿವೆಯ ಹಂಗು ತಪ್ಪಿತು. ಹಳೆಯ ದಕ್ಕೆ ಮೀನುಗಾರರಿಗೂ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳಿಗೂ ಉಳಿಯಿತು. ನೂಲ ಹುಣ್ಣಿಮೆಯಂದು ಮೊಗವೀರರು ಸಮುದ್ರಕ್ಕೆ ಹಾಲೆರೆದು ಪೂಜೆ ಸಲ್ಲಿಸುವುದು ನಿಂತಿಲ್ಲ. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ಬದುಕಿನ ಹಳೆಯ ವಸ್ತುಗಳನ್ನು ಕೂಡಿಟ್ಟಿದ್ದಾರೆ; ಈ ವಿಷಯದಲ್ಲಿ ಆಸಕ್ತಿ ಹುಟ್ಟಿದವರು ಅಲ್ಲಿಂದ ಆರಂಭಿಸಬಹುದು.

ನಿಮ್ಮಲ್ಲಿ ಎನ್‌ಸಿಸಿಯ ನೌಕಾ ವಿಭಾಗಕ್ಕೆ ಸೇರಿದವರು ಇರಬಹುದು. ನೌಕಾಪಡೆಯ ಅಧಿಕಾರಿಗಳನ್ನು ತರಬೇತುಗೊಳಿಸುವ ಅಕಾಡೆಮಿ 2009ರಿಂದ ಏಳಿಮಲೆಯಲ್ಲಿದೆ. ಅದು ಕಾಸರಗೋಡಿನಿಂದ ದಕ್ಷಿಣಕ್ಕೆ, ಕಣ್ಣೂರು ಜಿಲ್ಲೆಯ ಕಡಲ ದಂಡೆಯಲ್ಲಿ ಎದ್ದು ನಿಂತ ಬೆಟ್ಟ. ಹಿಂದಿನ ನಾವಿಕರು ದೂರದಿಂದಲೇ ಅದನ್ನು ಗುರುತು ಹಿಡಿದು ದಾರಿ ತಿಳಿಯುತ್ತಿದ್ದರು. ನಾವಿಕರ ತರಬೇತಿ ನಡೆಯುವುದು ಒಡಿಶಾದ ಚಿಲ್ಕಾದಲ್ಲಿ. 2023ರ ಮಾರ್ಚ್ ತಿಂಗಳಲ್ಲಿ ಅಲ್ಲಿಂದ ತರಬೇತಿ ಮುಗಿಸಿ ಹೊರಬಂದ ಮೊದಲ ಅಗ್ನಿವೀರ ತಂಡದಲ್ಲಿ 273 ಮಂದಿ ಹೆಣ್ಣುಮಕ್ಕಳಿದ್ದರು. ಭಾರತೀಯ ನೌಕಾಪಡೆ ಅಧಿಕಾರಿಗಳ ಹುದ್ದೆಗಲ್ಲದೆ ನಾವಿಕರ ಹುದ್ದೆಗೂ ಮಹಿಳೆಯರನ್ನು ಸೇರಿಸಿಕೊಂಡದ್ದು ಅದೇ ಮೊದಲು.